ಒಂದೇ ರಾಗಿ ಡೇಟಾ, ಎರಡು ಉತ್ತರ: ಜನರಲೈಸ್ಡ್ ಇನ್ವರ್ಸ್ ಕೊಟ್ಟದ್ದರಲ್ಲಿ ಯಾವುದನ್ನು ನಂಬಲಿ?

ಹೊಲದಲೆಕ್ಕ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೃಷಿ ವಿದ್ಯಾರ್ಥಿನಿ. ನಾಲ್ಕು ರಾಗಿ ತಳಿಗಳನ್ನು ರೈತರ ಹೊಲದಲ್ಲೇ ಬೆಳೆದು ಇಳುವರಿ ಹೋಲಿಸುವುದು ನನ್ನ ಕೆಲಸ. ಒಂದೊಂದು ಹೊಲದಲ್ಲಿ ಎರಡೇ ತಾಕಿಗೆ ಜಾಗ ಸಿಕ್ಕಿತ್ತು. ಅದಕ್ಕೆ ಎರಡು ಹೊಲದಲ್ಲಿ ತಳಿ 1 ಮತ್ತು 2, ಇನ್ನೆರಡರಲ್ಲಿ ತಳಿ 3 ಮತ್ತು 4, ಐದನೆಯದರಲ್ಲಿ ತಳಿ 2 ಮತ್ತು 3 ಹಾಕಿದ್ದೆವು. ಕೊಯ್ಲಿಗೆ ಹತ್ತು ದಿನ ಇರುವಾಗ ಐದನೇ ಹೊಲಕ್ಕೆ ಕಾಡುಹಂದಿ ನುಗ್ಗಿತು. ಅಲ್ಲಿ ಒಂದು ತೆನೆಯೂ ಉಳಿಯಲಿಲ್ಲ. ಈಗ ಕೈಯಲ್ಲಿರುವುದು ಎಂಟು ತಾಕಿನ ಲೆಕ್ಕ (ಕೆಜಿಯಲ್ಲಿ):

ಹೊಲ 1: ತಳಿ 1 = 11, ತಳಿ 2 = 15
ಹೊಲ 2: ತಳಿ 1 = 9, ತಳಿ 2 = 11
ಹೊಲ 3: ತಳಿ 3 = 20, ತಳಿ 4 = 17
ಹೊಲ 4: ತಳಿ 3 = 18, ತಳಿ 4 = 17

ಮಾದರಿ ಸುಲಭದ್ದೇ. ಇಳುವರಿ = ಸಾಮಾನ್ಯ ಮಟ್ಟ + ಹೊಲದ ಪಾಲು + ತಳಿಯ ಪಾಲು. ಸಮೀಕರಣ ಬಿಡಿಸಲು ಹೋದರೆ ಮ್ಯಾಟ್ರಿಕ್ಸ್ (ಸಮೀಕರಣದ ಅಂಕಿಗಳ ಚೌಕಟ್ಟು) ಸಿಂಗ್ಯುಲರ್, ಅಂದರೆ ಅದನ್ನು ತಿರುಗಿಸಿ ಉತ್ತರ ಕೊಡುವ ಇನ್ವರ್ಸ್ ಇಲ್ಲ ಅಂತ ಎರರ್ ಬಂತು. ಅಂಥಲ್ಲಿ ಇನ್ವರ್ಸ್ ಬದಲು ಜನರಲೈಸ್ಡ್ ಇನ್ವರ್ಸ್ ಬಳಸಬಹುದು ಅಂತ ಓದಿದ್ದೆ. ಪೈಥಾನ್‌ನಲ್ಲಿ ನಂಪೈ ಲೈಬ್ರರಿಯ ಪಿನ್ವ್ (ಜನರಲೈಸ್ಡ್ ಇನ್ವರ್ಸ್ ಕೊಡುವ ಆದೇಶ) ಹಾಕಿದೆ. ತಳಿ 3 ತಳಿ 1ಕ್ಕಿಂತ 5.75 ಕೆಜಿ ಜಾಸ್ತಿ ಅಂತ ಬಂತು. ಆಮೇಲೆ ಆರ್‌ನಲ್ಲಿ ಎಲ್‌ಎಂ (ಆರ್ ಅನ್ನುವ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಇಂಥ ಮಾದರಿ ಹೊಂದಿಸುವ ಆದೇಶ) ಹಾಕಿ ನೋಡಿದೆ. ತಳಿ 3ರ ಎದುರು 2 ಬಂತು, ತಳಿ 4ರ ಎದುರು ಎನ್ಎ (ಉತ್ತರ ಇಲ್ಲ). ಆರ್ ತಳಿ 1ನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ ಅಂದಮೇಲೆ ಈ 2 ಕೂಡ ತಳಿ 3ಕ್ಕೂ ತಳಿ 1ಕ್ಕೂ ಇರುವ ವ್ಯತ್ಯಾಸವೇ ಅಲ್ವಾ? ತಳಿ 2 ಮಾತ್ರ ಎರಡು ಕಡೆಯೂ 3 ಕೆಜಿ ಜಾಸ್ತಿ ಬಂದಿದೆ.

5.75 ಸರಿಯೋ, 2 ಸರಿಯೋ? ಎರಡು ದಿನದಿಂದ ಇದೇ ಯೋಚನೆ.

ಕೋಡುಗಲ್ಲು · ಸೋಮವಾರ ಬೆಳಿಗ್ಗೆ

ಆರ್ ಅಂಕಿಅಂಶಕ್ಕೆಂದೇ ಮಾಡಿದ್ದು. ಅದು ಹೇಳಿದ 2ನ್ನೇ ಇಟ್ಟುಕೊಳ್ಳಿ. ಎನ್ಎ ಬಂದ ಕಾಲಂ ತೆಗೆದುಹಾಕಿ ಮುಂದೆ ಹೋಗಿ.

ನೇರದಾರಿ · ಸೋಮವಾರ ಮಧ್ಯಾಹ್ನ

ನಾನು ಒಪ್ಪುವುದಿಲ್ಲ. ಪಿನ್ವ್ ಕೊಡುವುದು ಮೂರ್–ಪೆನ್ರೋಸ್ ಇನ್ವರ್ಸ್. ಯಾವ ಮ್ಯಾಟ್ರಿಕ್ಸ್ ತೆಗೆದುಕೊಂಡರೂ ಅದು ಒಂದೇ ಒಂದು ಇರುತ್ತದೆ. ಉಳಿದ ಜನರಲೈಸ್ಡ್ ಇನ್ವರ್ಸ್‌ಗಳು ಎಷ್ಟು ಬೇಕಾದರೂ ಇರಬಹುದು. ಒಂದೇ ಇರುವುದು ಯಾವುದೋ ಅದೇ ಸರಿ. 5.75.

ಕಂಬಸಾಲು · ಸೋಮವಾರ ರಾತ್ರಿ

ನಾನು ಬಹಳ ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು. ತಂಗೀ, ಎರಡೂ ಸರಿ ಅಲ್ಲ. ನಿಮ್ಮ ಲೆಕ್ಕ ತಪ್ಪಿಲ್ಲ, ಸಾಫ್ಟ್‌ವೇರ್‌ಗಳೂ ತಪ್ಪು ಮಾಡಿಲ್ಲ. ನೀವು ಕೇಳಿದ ಪ್ರಶ್ನೆಗೆ ಈ ಎಂಟು ತಾಕಿನಲ್ಲಿ ಉತ್ತರವೇ ಇಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ನನಗೆ ತುಂಬ ಇಷ್ಟವಾದ ವಿಷಯ, ಮತ್ತೆ ಅವಸರದಲ್ಲಿ ಎಲ್ಲರೂ ಎಡವುವುದೂ ಇಲ್ಲೇ.

ಮೊದಲು ಚಿಕ್ಕದು. ಒಂದೇ ಸಮೀಕರಣ: ಕ + ಖ = 10. ಇದರ ಮ್ಯಾಟ್ರಿಕ್ಸ್ ಬರೀ ಒಂದು ಅಡ್ಡಸಾಲು, [1 1]. ಅದನ್ನು ಎ ಅನ್ನೋಣ. ಚೌಕವೇ ಅಲ್ಲ, ಆದ್ದರಿಂದ ಮಾಮೂಲಿ ಇನ್ವರ್ಸ್ ಇಲ್ಲ. ಈಗ ಜಿ ಅನ್ನುವ ಒಂದು ಮ್ಯಾಟ್ರಿಕ್ಸ್ ಹುಡುಕಬೇಕು. ಒಂದೇ ಷರತ್ತು: ಎ ಜಿ ಎ = ಎ. ಕಂಬಸಾಲಾಗಿ 1, 0 ಬರೆದರೆ ಷರತ್ತು ಸರಿಹೋಗುತ್ತದೆ. ಉತ್ತರ ಕ = 10, ಖ = 0. 0, 1 ಬರೆದರೂ ಸರಿ. ಉತ್ತರ ಕ = 0, ಖ = 10. ಅರ್ಧ, ಅರ್ಧ ಬರೆದರೂ ಸರಿ. ಆಗ 5, 5. ಮೂರನೆಯದೇ ಮೂರ್–ಪೆನ್ರೋಸ್. ಮೂರೂ ಸಮೀಕರಣಕ್ಕೆ ಒಪ್ಪುವ ಉತ್ತರಗಳೇ. ಕ ಎಷ್ಟು ಅಂತ ಕೇಳಿದರೆ ಮೂರೂ ಬೇರೆ ಬೇರೆ ಹೇಳುತ್ತವೆ. ಕ + ಖ ಎಷ್ಟು ಅಂತ ಕೇಳಿ, ಮೂರೂ 10 ಅನ್ನುತ್ತವೆ.

ಈ ವಿಷಯದ ಜೀವ ಇರುವುದು ಇಲ್ಲೇ. ಜಿ ಬದಲಾದ ಹಾಗೆ ಬದಲಾಗುವ ಉತ್ತರ ಡೇಟಾದ್ದಲ್ಲ, ನಾವು ಆರಿಸಿಕೊಂಡ ಜಿಯದ್ದು. ಯಾವ ಜಿ ಹಾಕಿದರೂ ಅಲ್ಲಾಡದೆ ನಿಲ್ಲುವುದು ಮಾತ್ರ ಡೇಟಾ ಹೇಳಿದ್ದು. ಅಂಥದ್ದನ್ನು ಎಸ್ಟಿಮಬಲ್ ಅನ್ನುತ್ತಾರೆ. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಸಿ. ಬೋಸ್ ಈ ವಿಚಾರವನ್ನು ಗಟ್ಟಿಯಾಗಿ ನಿಲ್ಲಿಸಿದರು.

ಇನ್ನು ನಿಮ್ಮ ಹೊಲಕ್ಕೆ ಬರೋಣ. ಸಾಮಾನ್ಯ ಮಟ್ಟಕ್ಕೆ ಒಂದು, ಹೊಲಗಳಿಗೆ ನಾಲ್ಕು, ತಳಿಗಳಿಗೆ ನಾಲ್ಕು, ಒಟ್ಟು 9 ಕಾಲಂ. ರ‍್ಯಾಂಕ್ (ಉಳಿದವುಗಳಿಂದ ಕಟ್ಟಲಾಗದ ಕಾಲಂಗಳ ಎಣಿಕೆ) ಎಷ್ಟು ಅಂತ ನೋಡಿ, 6 ಬರುತ್ತದೆ. ಐದನೇ ಹೊಲ ಉಳಿದಿದ್ದರೆ 10 ಕಾಲಂಗೆ 8 ಬರುತ್ತಿತ್ತು. ಅಂದರೆ ಕೊರತೆ 2 ಇದ್ದದ್ದು 3 ಆಗಿದೆ. ಆ ಎರಡು ಕೊರತೆ ಮಾಮೂಲಿ, ಅದರಿಂದ ತಳಿ ಹೋಲಿಕೆಗೆ ಏನೂ ಆಗುವುದಿಲ್ಲ. ಹಂದಿ ತಿಂದುಹೋದದ್ದು ಮೂರನೆಯದನ್ನು.

ತಳಿ 1 ಮತ್ತು 2 ಒಂದೇ ಮಣ್ಣಿನಲ್ಲಿ ಎರಡು ಸಲ ಅಕ್ಕಪಕ್ಕ ನಿಂತಿವೆ. ವ್ಯತ್ಯಾಸ 4 ಮತ್ತು 2, ಸರಾಸರಿ 3. ತಳಿ 3 ಮತ್ತು 4 ಕೂಡ ಹಾಗೇ: 3 ಮತ್ತು 1, ಸರಾಸರಿ 2. ಆದರೆ ತಳಿ 1 ಮತ್ತು ತಳಿ 3 ಯಾವ ಹೊಲದಲ್ಲೂ ಜೊತೆಯಾಗಿಲ್ಲ. ಅವೆರಡಕ್ಕೂ ನೆಂಟಸ್ತಿಕೆ ಕಲ್ಪಿಸುತ್ತಿದ್ದ ಹೊಲವೂ ಹೋಯಿತು. ಹೊಲ 3, 4ರಲ್ಲಿ ಇಳುವರಿ ಜಾಸ್ತಿ ಇರುವುದು ತಳಿ ಚೆನ್ನಾಗಿದೆ ಅಂತಲೋ, ಭೂಮಿ ಫಲವತ್ತಾಗಿದೆ ಅಂತಲೋ? ಈ ಅಂಕಿಗಳಿಂದ ಯಾರೂ ಹೇಳಲಾರರು.

ಹೊಲದಲೆಕ್ಕ · ಸೋಮವಾರ ರಾತ್ರಿ

ಸರ್, ಓದಿ ಒಂದು ನಿಮಿಷ ಸುಮ್ನೆ ಕೂತೆ. ಹಾಗಾದರೆ 5.75 ಅನ್ನೋದು ಎಲ್ಲಿಂದ ಬಂತು? ಆರ್ ಕೊಟ್ಟ 2 ಎಲ್ಲಿಂದ ಬಂತು?

ಕೋಡುಗಲ್ಲು · ಮಂಗಳವಾರ ಬೆಳಿಗ್ಗೆ

ಬೆಳಿಗ್ಗೆ ನಾನೇ ಎಂಟು ಸಾಲು ಟೈಪ್ ಮಾಡಿ ನೋಡಿದೆ. ನಿನ್ನೆ ನಾನು ಕೊಟ್ಟ ಸಲಹೆ ತಪ್ಪು, ದಯವಿಟ್ಟು ಅದನ್ನು ಬಿಟ್ಟುಬಿಡಿ. ಆರ್ ಮಾಡುವುದು ಇಷ್ಟು. ಕಾಲಂಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋಗುತ್ತದೆ. ಹಿಂದಿನವುಗಳಿಂದಲೇ ಕಟ್ಟಬಹುದಾದ ಕಾಲಂ ಸಿಕ್ಕರೆ ಬಿಟ್ಟುಬಿಡುತ್ತದೆ. ಇಲ್ಲಿ ತಳಿ 3 ಮತ್ತು ತಳಿ 4ರ ಕಾಲಂ ಕೂಡಿಸಿದರೆ ಹೊಲ 3 ಮತ್ತು ಹೊಲ 4ರ ಕಾಲಂ ಕೂಡಿಸಿದ್ದೇ ಬರುತ್ತದೆ. ಹಾಗಾಗಿ ತಳಿ 4 ಹೊರಗೆ, ಎನ್ಎ.

ಈಗ ಗಮನಿಸಿ. ತಳಿ 4ರ ಕಾಲಂ ಹೋದಮೇಲೆ ಹೊಲ 3ರಲ್ಲಿ ತಳಿ 4ರ ಅಂದಾಜು ಇಳುವರಿ ಅಂದರೆ ಬರೀ ಆಧಾರ (ಹೊಲ 1ರಲ್ಲಿ ತಳಿ 1ರ ಅಂದಾಜು) ಮತ್ತು ಹೊಲ 3ರ ಪಾಲು: 11.5 + 6 = 17.5. ಅದೇ ಹೊಲದಲ್ಲಿ ತಳಿ 3 ಅಂದರೆ ಅದಕ್ಕೆ ಇನ್ನೊಂದು 2 ಸೇರಿ 19.5. ಅಂದರೆ ಆ 2 ತಳಿ 3ಕ್ಕೂ ತಳಿ 4ಕ್ಕೂ ಇರುವ ವ್ಯತ್ಯಾಸ! ತಳಿ 1ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪಟ್ಟಿಯಲ್ಲಿ ಮಾತ್ರ ತಳಿ 2ರ ಕೆಳಗೆ ಅದೇ ಥರ ಕೂತಿದೆ. ನೋಡಿದವರು ತಳಿ 1ಕ್ಕೇ ಹೋಲಿಸಿದ್ದು ಅಂದುಕೊಳ್ಳುತ್ತಾರೆ. ಎಷ್ಟು ಪ್ರಬಂಧಗಳಲ್ಲಿ ಹೀಗೆ ಓದಿಬಿಟ್ಟಿರಬಹುದೋ ಅಂತ ನಿಜವಾಗಿ ಕಳವಳ ಆಯಿತು. ಎನ್ಎ ಕಂಡರೆ ಅದು ಆ ಒಂದು ಸಾಲಿನ ಸಮಸ್ಯೆ ಅಲ್ಲ. ಉಳಿದ ಸಾಲುಗಳ ಅರ್ಥವೂ ಬದಲಾಗಿರುತ್ತದೆ.

ಸ್ಯಾಸ್ ಅನ್ನುವ ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್ ಈ ವಿಷಯದಲ್ಲಿ ಸ್ವಲ್ಪ ಬಾಯಿಬಿಟ್ಟು ಹೇಳುತ್ತದೆ. ಮ್ಯಾಟ್ರಿಕ್ಸ್ ಸಿಂಗ್ಯುಲರ್ ಇತ್ತು, ಜನರಲೈಸ್ಡ್ ಇನ್ವರ್ಸ್ ಬಳಸಿದ್ದೇನೆ ಅಂತ ಟಿಪ್ಪಣಿ ಹಾಕಿ, ಒಂದೇ ಉತ್ತರ ಇಲ್ಲದ ಅಂಕಿಗಳ ಪಕ್ಕ ‘ಬಿ’ ಅಂತ ಅಕ್ಷರ ಇಡುತ್ತದೆ. ಪಿನ್ವ್ ಮಾತ್ರ ಏನೂ ಹೇಳುವುದಿಲ್ಲ. ಅಂಕಿ ಕೊಟ್ಟು ಮೌನ.

ಕಂಬಸಾಲು · ಮಂಗಳವಾರ ಸಂಜೆ

ಕೋಡುಗಲ್ಲು ಅವರು ತುಂಬ ಚೆನ್ನಾಗಿ ಬಿಡಿಸಿ ಹೇಳಿದರು. ನಾನು 5.75ನ್ನು ಬಿಡಿಸುತ್ತೇನೆ.

ಮೊದಲೆರಡು ಹೊಲಗಳ ಸರಾಸರಿ 11.5. ಕೊನೆಯೆರಡರದ್ದು 18. ನಡುವೆ 6.5ರ ಅಂತರ. ಈ ಅಂತರವನ್ನು ಭೂಮಿಗೂ ತಳಿಗೂ ಹೇಗೆ ಹಂಚಬೇಕು ಅನ್ನುವುದೇ ಉತ್ತರವಿಲ್ಲದ ಪ್ರಶ್ನೆ. ಮೂರ್–ಪೆನ್ರೋಸ್ ಏನು ಮಾಡುತ್ತದೆ ಗೊತ್ತಾ? ಒಪ್ಪುವ ಉತ್ತರಗಳಲ್ಲಿ ಎಲ್ಲ ಅಂಕಿಗಳ ವರ್ಗಗಳ ಮೊತ್ತ ಯಾವುದರಲ್ಲಿ ಕಡಿಮೆಯೋ ಅದನ್ನು ಆರಿಸುತ್ತದೆ. ಇಲ್ಲಿ ಅದು ಸರಿಯಾಗಿ ಅರ್ಧ ಭೂಮಿಗೆ, ಅರ್ಧ ತಳಿಗೆ ಕೊಟ್ಟಿದೆ. ತಳಿಯ ಪಾಲಿಗೆ 3.25. ಅದರ ಮೇಲೆ ತಳಿ 3 ತನ್ನ ಜೋಡಿಯ ಸರಾಸರಿಗಿಂತ 1 ಮೇಲೆ, ತಳಿ 1 ತನ್ನ ಜೋಡಿಯ ಸರಾಸರಿಗಿಂತ 1.5 ಕೆಳಗೆ. 3.25 + 1 + 1.5 = 5.75.

ಆ ಅರ್ಧ ಅರ್ಧವನ್ನು ಮಣ್ಣೂ ಹೇಳಿಲ್ಲ, ರಾಗಿಯೂ ಹೇಳಿಲ್ಲ. ಆಸ್ತಿ ಪತ್ರ ಇಲ್ಲದಿದ್ದಾಗ ಅಣ್ಣ ತಮ್ಮ ಸಮಪಾಲು ಮಾಡಿಕೊಂಡ ಹಾಗೆ. ವ್ಯವಸ್ಥೆಗೆ ಅದು ಸರಿ, ಪತ್ರಕ್ಕೆ ಸಮ ಅಲ್ಲ.

ನೇರದಾರಿ · ಮಂಗಳವಾರ ರಾತ್ರಿ

ಅರ್ಥ ಆಯಿತು ಸರ್. ಆದರೂ ಒಂದು ಮಾತು. ಪೆನ್ರೋಸ್ ನಾಲ್ಕು ಷರತ್ತು ಹಾಕಿ ಅದು ಒಂದೇ ಅಂತ ಸಾಧಿಸಿದ್ದಾರಲ್ಲ. ಅಷ್ಟು ಸುಂದರವಾದದ್ದಕ್ಕೆ ಬೆಲೆಯೇ ಇಲ್ಲವೇ?

ಕಂಬಸಾಲು · ಮಂಗಳವಾರ ರಾತ್ರಿ

ಖಂಡಿತ ಇದೆ. ಎ ಜಿ ಎ = ಎ, ಜಿ ಎ ಜಿ = ಜಿ, ಮತ್ತೆ ಎ ಜಿ, ಜಿ ಎ ಎರಡೂ ಸಿಮೆಟ್ರಿಕ್ (ಅಡ್ಡಸಾಲು, ಕಂಬಸಾಲು ಅದಲುಬದಲು ಮಾಡಿದರೂ ಅದೇ) ಆಗಿರಬೇಕು. ಈ ನಾಲ್ಕನ್ನೂ ಪಾಲಿಸುವ ಜಿ ಒಂದೇ. ರೋಜರ್ ಪೆನ್ರೋಸ್ ಇದನ್ನು ಪ್ರಕಟಿಸಿದ್ದು 1955ರಲ್ಲಿ, ಕೇಂಬ್ರಿಡ್ಜ್‌ನಲ್ಲಿ ಇನ್ನೂ ಸಂಶೋಧನಾ ವಿದ್ಯಾರ್ಥಿ ಆಗಿದ್ದಾಗ. 2020ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರೂ ಅವರೇ. ಅಮೆರಿಕದ ಇ. ಎಚ್. ಮೂರ್ 1920ರಲ್ಲೇ ಇದೇ ವಿಚಾರ ಮುಟ್ಟಿದ್ದರು. ಅವರ ಬರವಣಿಗೆಯ ಸಂಕೇತಗಳು ಎಷ್ಟು ಕಷ್ಟ ಅಂದರೆ, ಬಹಳ ಕಾಲ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ.

ಆದರೆ ‘ಕನಿಷ್ಠ’ ಅನ್ನುವುದು ಅಳತೆಯ ಮೇಲೆ ನಿಂತಿದೆ. ಕ + ಖ = 10ನ್ನೇ ತೆಗೆದುಕೊಳ್ಳಿ. ಚೀಲದಲ್ಲಿ ಅಕ್ಕಿ, ಬೇಳೆ ಸೇರಿ 10 ಕೆಜಿ. ಎರಡನ್ನೂ ಕೆಜಿಯಲ್ಲಿ ಬರೆದರೆ ಮೂರ್–ಪೆನ್ರೋಸ್ 5, 5 ಅನ್ನುತ್ತದೆ. ಬೇಳೆಯನ್ನು ಗ್ರಾಂನಲ್ಲಿ ಬರೆಯಿರಿ. ಮ್ಯಾಟ್ರಿಕ್ಸ್ [1 0.001] ಆಗುತ್ತದೆ. ಈಗ ಅಕ್ಕಿ 9.99999 ಕೆಜಿ, ಬೇಳೆ 0.01 ಗ್ರಾಂ! ಚೀಲ ಅದೇ. ಯೂನಿಟ್ ಬದಲಾದ ಮಾತ್ರಕ್ಕೆ ಬೇಳೆ ಮಾಯ. ಮೊತ್ತ ಮಾತ್ರ ಆಗಲೂ 10 ಕೆಜಿ, ಈಗಲೂ 10 ಕೆಜಿ.

ಇನ್ನೊಂದು ಎಚ್ಚರ. ಎರಡು ಮ್ಯಾಟ್ರಿಕ್ಸ್ ಗುಣಿಸಿ ಇನ್ವರ್ಸ್ ತೆಗೆದರೆ ಕ್ರಮ ತಿರುಗಿಸಿ ಗುಣಿಸಬಹುದು ಅಂತ ಪಿಯುಸಿಯಲ್ಲಿ ಕಲಿತದ್ದು ಇಲ್ಲಿ ನಡೆಯುವುದಿಲ್ಲ. ಅಡ್ಡಸಾಲು [1 1], ಕಂಬಸಾಲು 1, 0. ಗುಣಲಬ್ಧ 1, ಅದರ ಇನ್ವರ್ಸ್ 1. ಬೇರೆ ಬೇರೆ ತೆಗೆದು ತಿರುಗಿಸಿ ಗುಣಿಸಿದರೆ ಅರ್ಧ ಬರುತ್ತದೆ.

ಕೋಡುಗಲ್ಲು · ಬುಧವಾರ ಬೆಳಿಗ್ಗೆ

ಕೋಡ್ ಬರೆಯುವವರಿಗೆ ಇದನ್ನೂ ಸೇರಿಸುತ್ತೇನೆ. ಕರ್ಣದಲ್ಲಿ 1 ಮತ್ತು 0.000001, ಉಳಿದ ಕಡೆ 0 ಇರುವ ಮ್ಯಾಟ್ರಿಕ್ಸ್‌ನ ಇನ್ವರ್ಸ್‌ನಲ್ಲಿ 1 ಮತ್ತು 10 ಲಕ್ಷ ಇರುತ್ತದೆ. ಆ ಪುಟ್ಟ ಅಂಕಿ ಪೂರ್ತಿ ಸೊನ್ನೆ ಆದ ಕ್ಷಣ 10 ಲಕ್ಷ ಇದ್ದ ಜಾಗದಲ್ಲಿ 0 ಬರುತ್ತದೆ. ನಡುವೆ ಮೆಟ್ಟಿಲೇ ಇಲ್ಲ. ಅದಕ್ಕೇ ಎಷ್ಟು ಚಿಕ್ಕದನ್ನು ಸೊನ್ನೆ ಅಂತ ಎಣಿಸಬೇಕು ಅನ್ನುವ ಮಿತಿಯನ್ನು ಪಿನ್ವ್‌ಗೆ ನಾವು ಕೊಡಬಹುದು. ಆ ಮಿತಿಯನ್ನು ಯೋಚಿಸಿ ಕೊಡಿ. ಕೊಡದಿದ್ದರೆ ಅದು ತನ್ನದೇ ಮಿತಿ ಹಾಕಿಕೊಳ್ಳುತ್ತದೆ.

ಮಟ್ಟಗೋಲು · ಬುಧವಾರ ಮಧ್ಯಾಹ್ನ

ನಾನು ಸರ್ವೆ ಕೆಲಸದವನು. ಈ ಮಾತು ಕೇಳುತ್ತಿದ್ದರೆ ನಮ್ಮ ಲೆವೆಲಿಂಗ್ ಕಣ್ಣ ಮುಂದೆ ಬರುತ್ತದೆ. ನಾವು ಅಳೆಯುವುದು ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಎತ್ತರದ ವ್ಯತ್ಯಾಸ ಮಾತ್ರ. ಮೂರು ಗೂಟ ನೆಟ್ಟಿದ್ದೇವೆ ಅಂದುಕೊಳ್ಳಿ. ಒಂದರಿಂದ ಎರಡಕ್ಕೆ 1.20 ಮೀಟರ್ ಏರು, ಎರಡರಿಂದ ಮೂರಕ್ಕೆ 0.85 ಏರು, ಮೂರರಿಂದ ಒಂದಕ್ಕೆ 2.02 ಇಳಿತ. ಸುತ್ತಿ ಬಂದರೆ ಸೊನ್ನೆ ಆಗಬೇಕು, 3 ಸೆಂಟಿಮೀಟರ್ ಉಳಿಯಿತು. ಮೂರಕ್ಕೂ ಒಂದೊಂದು ಸೆಂಟಿಮೀಟರ್ ಹಂಚಿದರೆ 1.19, 0.84, 2.03. ತಪ್ಪುಗಳ ವರ್ಗಗಳ ಮೊತ್ತ ಕಡಿಮೆ ಮಾಡುವ ಕನಿಷ್ಠ ವರ್ಗ ವಿಧಾನ ಹೇಳುವುದೂ ಇದನ್ನೇ. ಆದರೆ ಗೂಟದ ಎತ್ತರ ಎಷ್ಟು? ಎತ್ತರ ಮೊದಲೇ ಗೊತ್ತಿರುವ ಬೆಂಚ್ ಮಾರ್ಕ್‌ಗೆ ಕಟ್ಟುವ ತನಕ ಅದಕ್ಕೆ ಉತ್ತರ ಇಲ್ಲ. ಮೊದಲ ಗೂಟವನ್ನು ಸೊನ್ನೆ ಅನ್ನಬಹುದು, ಮೂರರ ಸರಾಸರಿಯನ್ನು ಸೊನ್ನೆ ಅನ್ನಬಹುದು. ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಸ್ವೀಡನ್ನಿನ ಆರ್ನೆ ಬಿಯರ್‌ಹಾಮರ್ 1951ರಲ್ಲಿ, ಪೆನ್ರೋಸ್‌ಗಿಂತ ಮೊದಲೇ, ಭೂಮಾಪನದ ಇಂಥ ಲೆಕ್ಕಗಳಿಗಾಗಿಯೇ ಈ ಇನ್ವರ್ಸ್ ಬಗ್ಗೆ ಬರೆದರು.

ಇದರಿಂದ ನಿಮಗೊಂದು ಉಪಾಯ ಹೇಳುತ್ತೇನಮ್ಮ. ಕಾಗದದ ಮೇಲೆ ನಾಲ್ಕು ಚುಕ್ಕೆ ಇಡಿ, ಒಂದೊಂದು ತಳಿಗೆ ಒಂದೊಂದು. ಯಾವ ಎರಡು ತಳಿ ಒಂದೇ ಹೊಲದಲ್ಲಿ ಇದ್ದವೋ ಅವುಗಳ ನಡುವೆ ಗೆರೆ ಎಳೆಯಿರಿ. ನಿಮ್ಮ ಚಿತ್ರ ಎರಡು ತುಂಡಾಗಿ ಕಾಣುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಗೆರೆ ಹಿಡಿದು ಹೋಗಲು ದಾರಿ ಇಲ್ಲದಿದ್ದರೆ ಹೋಲಿಕೆಯೂ ಇಲ್ಲ. ನಮ್ಮಲ್ಲಿ ಸೇತುವೆ ಕೊಚ್ಚಿಹೋದಾಗ ನದಿಯ ಎರಡು ದಡದ ಲೆವೆಲ್ ಬೇರೆ ಬೇರೆ ಆಗುವುದೂ ಹೀಗೇ.

ಹಡಗಲಿ ಮಲ್ಲಿಗೆ · ಬುಧವಾರ ರಾತ್ರಿ

ಇಷ್ಟೆಲ್ಲ ಹೆಸರು ಬಂತು, ನಮ್ಮೂರಿನ ಹೆಸರು ಬರಲೇ ಇಲ್ಲ! ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಆಗ ಅದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಮನೆಮಾತು ತೆಲುಗು, ಓದಿದ್ದು ಆಂಧ್ರದ ಕಡೆ. ಆಮೇಲೆ ಕಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಊರಿನವರಿಗೆ ಮಲ್ಲಿಗೆ ಗೊತ್ತು, ಇವರು ಗೊತ್ತಿಲ್ಲ ಅಂತ ನನಗೆ ಬೇಸರ ಇದೆ. ಜನರಲೈಸ್ಡ್ ಇನ್ವರ್ಸ್‌ನಲ್ಲಿ ಅವರ ಪಾಲು ಏನು ಅಂತ ಸರ್ ಸ್ವಲ್ಪ ಹೇಳಬೇಕು.

ಕಂಬಸಾಲು · ಗುರುವಾರ ಬೆಳಿಗ್ಗೆ

ಇದನ್ನು ಮರೆತದ್ದು ನನ್ನಿಂದ ಆಗಬಾರದಿತ್ತು. ಪೆನ್ರೋಸ್ ಬರೆದ ಅದೇ 1955ರಲ್ಲಿ ರಾವ್ ಅವರೂ ‘ಸಂಖ್ಯಾ’ ಅನ್ನುವ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಸಿಂಗ್ಯುಲರ್ ಮ್ಯಾಟ್ರಿಕ್ಸ್‌ಗೆ ಒಂದು ಬಗೆಯ ಇನ್ವರ್ಸ್ ಕಟ್ಟಿ ಬಳಸಿದರು. ಅವರ ಮುಂದೆ ಇದ್ದದ್ದು ಏನು ಗೊತ್ತಾ? ಒಂದೊಂದು ಗುಂಪಿನಲ್ಲಿ ಒಂದೊಂದು ಸಂಖ್ಯೆಯ ಅಳತೆ ಇರುವ, ಹಲವು ಬಗೆಯಲ್ಲಿ ವಿಂಗಡಿಸಿದ ಡೇಟಾ. ಈ ತಂಗಿಯ ಹೊಲದ ಕಷ್ಟಕ್ಕೆ ಬಹಳ ಹತ್ತಿರದ್ದು.

1962ರಲ್ಲಿ ಅವರು ಇನ್ನೂ ಮುಂದೆ ಹೋದರು. ಕನಿಷ್ಠ ವರ್ಗ ವಿಧಾನದ ಸಮೀಕರಣಗಳನ್ನು ಬಿಡಿಸಲು, ಆ ಸಮೀಕರಣಗಳ ಮ್ಯಾಟ್ರಿಕ್ಸ್ ಎ ಅಂದುಕೊಂಡರೆ, ಪೆನ್ರೋಸ್‌ನ ನಾಲ್ಕೂ ಷರತ್ತು ಬೇಕಿಲ್ಲ, ಎ ಜಿ ಎ = ಎ ಅನ್ನುವ ಒಂದೇ ಸಾಕು ಅಂತ ತೋರಿಸಿದರು. ಇದರಿಂದ ಸಿಕ್ಕ ಬಿಡುಗಡೆ ದೊಡ್ಡದು. ಕೈಯಲ್ಲೇ ಲೆಕ್ಕ ಮಾಡುವ ಕಾಲ ಅದು. ಯಾವ ಜಿ ಸುಲಭವಾಗಿ ಸಿಗುತ್ತದೋ ಅದನ್ನೇ ಹಾಕಿ, ಎಸ್ಟಿಮಬಲ್ ಆದದ್ದನ್ನು ಮಾತ್ರ ಕೇಳಿ, ಉತ್ತರ ಬದಲಾಗುವುದಿಲ್ಲ. 1971ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರ ಜೊತೆ ಸೇರಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. 2023ರ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಿತ್ತು.

ಪಡುವಣ ಗಾಳಿ · ಗುರುವಾರ ಮಧ್ಯಾಹ್ನ

ನಮ್ಮ ಕರಾವಳಿಯದ್ದೂ ಒಂದು ಸೇರಿಸುತ್ತೇನೆ ಮಾರಾಯರೇ. 2012ರಲ್ಲಿ ಮಣಿಪಾಲದಲ್ಲಿ ಇದೇ ವಿಷಯದ ಮೇಲೆ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆದಿತ್ತು. ಹೊರದೇಶದ ಗಣಿತಜ್ಞರೂ ಬಂದಿದ್ದರು. ಆಸಕ್ತಿ ಇರುವ ಮಕ್ಕಳಿಗೆ ದೂರ ಹೋಗಬೇಕಂತಿಲ್ಲ.

ಒಂದು ಪ್ರಶ್ನೆ. ಹೊಲಗಳ ಪಾಲನ್ನು ರ‍್ಯಾಂಡಮ್ (ಆಕಸ್ಮಿಕ ಏರುಪೇರು) ಅಂತ ಇಟ್ಟರೆ ತಳಿ 1 ಮತ್ತು 3ರ ಹೋಲಿಕೆ ಸಿಗುತ್ತದಲ್ಲ? ಸಂಖ್ಯಾಶಾಸ್ತ್ರಜ್ಞ ಫ್ರ್ಯಾಂಕ್ ಯೇಟ್ಸ್ 1940ರಲ್ಲಿ ತೋರಿಸಿದ ದಾರಿ ಅದೇ ಅಲ್ವಾ?

ಕಂಬಸಾಲು · ಗುರುವಾರ ಸಂಜೆ

ಸಿಗುತ್ತದೆ, ನಿಜ. ಹೊಲಗಳ ಸರಾಸರಿಯಲ್ಲಿ ಅಡಗಿರುವ ಮಾಹಿತಿಯನ್ನು ಆಗ ಬಳಸಿಕೊಳ್ಳಬಹುದು. ಆದರೆ ಯಾವ ಹೊಲಕ್ಕೆ ಯಾವ ಜೋಡಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿರಬೇಕು. ಮೇಲಾಗಿ ಇಲ್ಲಿ ಹೊಲ ನಾಲ್ಕೇ, ಈ ಕಡೆ ಎರಡು, ಆ ಕಡೆ ಎರಡು. ಎರಡೆರಡು ಹೊಲ ನೋಡಿ ಭೂಮಿ ಭೂಮಿಗೆ ಎಷ್ಟು ಏರುಪೇರು ಅಂತ ಅಂದಾಜು ಮಾಡುವುದು ಬಹಳ ಸಡಿಲ. ತಂಗೀ, ಚೀಟಿ ಎತ್ತಿದ್ದಿರಾ?

ಹೊಲದಲೆಕ್ಕ · ಗುರುವಾರ ರಾತ್ರಿ

ಇಲ್ಲ ಸರ್. ತಳಿ 3 ಮತ್ತು 4ರ ಬೀಜ ತಡವಾಗಿ ಬಂತು. ಆಗ ಜಾಗ ಉಳಿದಿದ್ದ ಹೊಲಗಳಿಗೆ ಹಾಕಿದೆವು. ಹೊಲ 3, 4 ಎರಡೂ ಕೆರೆಯ ಕೆಳಗಿನವು. ಈಗ ಬರೆಯುವಾಗಲೇ ಗೊತ್ತಾಗುತ್ತಿದೆ, ಮಣ್ಣೇ ಬೇರೆ.

ಎಸ್ಟಿಮಬಲ್ ಹೌದೋ ಅಲ್ಲವೋ ಅಂತ ಕಂಪ್ಯೂಟರ್‌ನಲ್ಲೇ ನೋಡುವ ದಾರಿ ಇದೆಯಾ?

ಕಂಬಸಾಲು · ಗುರುವಾರ ರಾತ್ರಿ

ಇದೆ, ಒಂದೇ ಸಾಲು. ಆ 9 ಕಾಲಂನ ನಿಮ್ಮ ಡಿಸೈನ್ ಮ್ಯಾಟ್ರಿಕ್ಸ್ ಎ, ಅದರ ಪಿನ್ವ್ ಜಿ. ಕೇಳಬೇಕಾದ ಹೋಲಿಕೆಯನ್ನು 9 ಅಂಕಿಯ ಅಡ್ಡಸಾಲಾಗಿ ಬರೆಯಿರಿ. ತಳಿ 3ಕ್ಕೆ 1, ತಳಿ 1ಕ್ಕೆ −1, ಉಳಿದವೆಲ್ಲ 0. ಅದನ್ನು ಜಿ ಎ ಇಂದ ಗುಣಿಸಿ. ಹೋದ ಸಾಲೇ ವಾಪಸ್ ಬಂದರೆ ಎಸ್ಟಿಮಬಲ್. ಬೇರೆ ಬಂದರೆ ಅಲ್ಲ. ಪಿನ್ವ್ ಬೇಡ ಅಂದರೆ ಎ ಜಿ ಎ = ಎ ಆಗುವ ಯಾವ ಜಿ ಆದರೂ ಸರಿ.

ಹೊಲದಲೆಕ್ಕ · ಶುಕ್ರವಾರ ಬೆಳಿಗ್ಗೆ

ಮಾಡಿದೆ ಸರ್. ತಳಿ 2 ಮತ್ತು 1ರ ಹೋಲಿಕೆ ಹಾಕಿದೆ, ಹಾಗೇ ವಾಪಸ್ ಬಂತು. ತಳಿ 3 ಮತ್ತು 4 ಕೂಡ ಹಾಗೇ. ತಳಿ 3 ಮತ್ತು 1 ಹಾಕಿದೆ. 1 ಇದ್ದ ಕಡೆ 0.75, −1 ಇದ್ದ ಕಡೆ −0.75. ತಳಿ 2ಕ್ಕೆ 0.25, ತಳಿ 4ಕ್ಕೆ −0.25. ಹೊಲಗಳ ಎದುರು ನಾನು ಸೊನ್ನೆ ಕೊಟ್ಟಿದ್ದೆ. ಹೊಲ 3, 4ಕ್ಕೆ 0.25, ಹೊಲ 1, 2ಕ್ಕೆ −0.25 ಬಂದಿದೆ. ಅಂದರೆ ನನ್ನ 5.75ರೊಳಗೆ ಕೆರೆ ಕೆಳಗಿನ ಮಣ್ಣು ಸೇರಿಕೊಂಡಿತ್ತು! ಸ್ಕ್ರೀನ್ ಮೇಲೆ ಆ 0.25 ನೋಡಿದಾಗ ಮೈ ಜುಂ ಅಂದಿತು.

ವರದಿಯಲ್ಲಿ ಎರಡೇ ಹೋಲಿಕೆ ಬರೆಯುತ್ತೇನೆ. ಜೋಡಿಗಳ ನಡುವಿನದನ್ನು ಈ ಡೇಟಾದಿಂದ ಹೇಳಲಾಗದು ಅಂತ ಕಾರಣ ಸಮೇತ ಬರೆಯುತ್ತೇನೆ. ಮುಂದಿನ ಮುಂಗಾರಿಗೆ ಮತ್ತೆ ಹಾಕಲು ಒಪ್ಪಿಗೆ ಸಿಕ್ಕಿದೆ. ಆರು ಹೊಲ ಸಿಗುತ್ತವೆ. ಹೇಗೆ ಹಂಚಲಿ?

ಮಟ್ಟಗೋಲು · ಶುಕ್ರವಾರ ಮಧ್ಯಾಹ್ನ

ಸರ್ವೆಯಲ್ಲಿ ನಾವು ಒಂದೇ ಗೆರೆಯ ಮೇಲೆ ಭಾರ ಹಾಕುವುದಿಲ್ಲ. ಸುತ್ತಿ ಬಂದು ಮುಚ್ಚುವ ಹಾಗೆ ಮಾಡುತ್ತೇವೆ. ನೀವೂ ಹಾಗೇ ಮಾಡಿ. ಎರಡು ಹೊಲಕ್ಕೆ 1 ಮತ್ತು 2, ಎರಡಕ್ಕೆ 3 ಮತ್ತು 4, ಒಂದಕ್ಕೆ 1 ಮತ್ತು 3, ಇನ್ನೊಂದಕ್ಕೆ 2 ಮತ್ತು 4. ಚಿತ್ರದಲ್ಲಿ ಚೌಕ ಆಗುತ್ತದೆ. ಕೊನೆಯ ಎರಡು ಹೊಲ ಒಂದರ ಪಕ್ಕ ಒಂದು ಬೇಡ. ಹಂದಿ ಬಂದರೆ ಎರಡಕ್ಕೂ ಒಂದೇ ರಾತ್ರಿ ಬರುತ್ತದೆ.

ಕಂಬಸಾಲು · ಶುಕ್ರವಾರ ಮಧ್ಯಾಹ್ನ

ನನ್ನದೂ ಅದೇ ಸಲಹೆ. ಯಾವ ಹೊಲಕ್ಕೆ ಯಾವ ಜೋಡಿ ಅನ್ನುವುದಕ್ಕೆ ಈ ಸಲ ಚೀಟಿ ಎತ್ತಿ. ಪಕ್ಕಪಕ್ಕದ ಹೊಲಗಳಿಗೇ ಆ ಎರಡು ಜೋಡಿ ಬಿದ್ದರೆ ಮತ್ತೊಮ್ಮೆ ಎತ್ತಿ. ಆದರೆ ಆ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹೊಲದಲೆಕ್ಕ · ಶುಕ್ರವಾರ ಸಂಜೆ

ಕಾಗದದ ಮೇಲೆ ಬರೆದು ನೋಡಿದೆ. ನಾಲ್ಕು ಚುಕ್ಕೆ, ಆರು ಗೆರೆ. ಒಂದೊಂದೇ ಗೆರೆ ರಬ್ಬರಿನಿಂದ ಅಳಿಸಿದೆ. ಯಾವುದನ್ನು ಅಳಿಸಿದರೂ ನಾಲ್ಕು ಚುಕ್ಕೆಯೂ ಒಂದೇ ತುಂಡಾಗಿ ಉಳಿಯುತ್ತವೆ. ಆರೂ ಹೊಲ ಇದ್ದಾಗಿನ ಎ ಮ್ಯಾಟ್ರಿಕ್ಸ್ ಟೈಪ್ ಮಾಡಿ ರ‍್ಯಾಂಕ್ ನೋಡಿದೆ. 11 ಕಾಲಂಗೆ 9. ಕೊರತೆ ಎರಡೇ. ಬಿತ್ತನೆಗೆ ಮೊದಲೇ ಇದನ್ನು ನೋಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಭಾನುವಾರ ರೈತರನ್ನು ಕೂರಿಸಿಕೊಂಡು ಚೀಟಿ ಎತ್ತುತ್ತೇವೆ.